ಮರಿ ಉಳಿಯಲಿಲ್ಲ ಅಂತ ಮುಂದಿನ ಹೀಟಿಗೇ ಮತ್ತೆ ಕ್ರಾಸ್ ಬೇಡ

ಮಾನ್ಯ ಸಂಪಾದಕರೇ,

ಪುಣೆಯಲ್ಲಿರುವ ನಮ್ಮ ಕಡೆಯ ಜನ ಊರಿಂದ ಮುಧೋಳ ಬೇಟೆನಾಯಿಯ ಮರಿ ತಂದು ಸಾಕುತ್ತಿದ್ದಾರೆ. ಇಲ್ಲಿ ಅದಕ್ಕೆ ಕಾರವಾನ್ ಅಂತಲೂ ಹೆಸರು. ಖುಷಿಯ ವಿಷಯವೇ. ಆದರೆ ಹೆಣ್ಣು ನಾಯಿ ಹೀಟಿಗೆ, ಅಂದರೆ ಬೆದೆಗೆ ಬಂದ ಕೂಡಲೇ ಗುರುತಿನವರ ಗಂಡು ನಾಯಿ ಹುಡುಕಿ ಕ್ರಾಸ್ ಮಾಡಿಸುವುದು, ಮರಿ ಸತ್ತರೆ ಹಾಕಿದ ದುಡ್ಡು ವಾಪಸ್ ಬರಲಿ ಅಂತ ಮುಂದಿನ ಹೀಟಿಗೇ ಮತ್ತೆ ಮಾಡಿಸುವುದು, ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಇದಕ್ಕೆ 2017ರಲ್ಲೇ ಕೇಂದ್ರದ ನಿಯಮ ಬಂದಿದೆ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬಿರಬೇಕು. ಒಂದರ ಹಿಂದೆ ಒಂದು ಹೀಟಿನಲ್ಲಿ ಮರಿ ಹಾಕಿಸುವಂತಿಲ್ಲ, ಇಡೀ ಜೀವನದಲ್ಲಿ 5 ಸಲಕ್ಕಿಂತ ಜಾಸ್ತಿ ಇಲ್ಲ.

ಕ್ರಾಸ್‌ಗೆ ಮುಂಚೆ ಎರಡೂ ನಾಯಿಗಳಿಗೆ ಬ್ರೂಸೆಲ್ಲಾ ಅನ್ನೋ ಸೋಂಕಿನ ಪರೀಕ್ಷೆ ಮಾಡಿಸಿ. ಊರಲ್ಲಿ ದನಗಳಿಗೆ ಕಂದು ರೋಗ ಅಂತಾರಲ್ಲ, ಅದೇ ಜಾತಿಯದ್ದು. ನೋಡೋಕೆ ಆರೋಗ್ಯವಾಗೇ ಇರುವ ನಾಯಿ ಗಬ್ಬ ನಿಂತು ಒಂದೂವರೆ ತಿಂಗಳು ದಾಟಿದ ಮೇಲೆ ಕಂದು ಹಾಕಿಬಿಡುತ್ತದೆ, ಅಂದರೆ ಗರ್ಭಪಾತ ಆಗುತ್ತದೆ, ಮನುಷ್ಯರಿಗೂ ಅಂಟಬಹುದು. ಇನ್ನು ರಕ್ತ ಕಂಡ ದಿನದಿಂದ ಎಣಿಸಿ ಹನ್ನೊಂದು, ಹದಿಮೂರನೇ ದಿನ ಕೂಡಿಸುವ ಲೆಕ್ಕ ಎಲ್ಲ ನಾಯಿಗೂ ಹೊಂದುವುದಿಲ್ಲ. ಗಬ್ಬ ನಿಲ್ಲದೆ ಇರೋದಕ್ಕೆ ಎಷ್ಟೋ ಸಲ ದಿನ ತಪ್ಪಿದ್ದೇ ಕಾರಣ, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದರೆ ಸರಿಯಾದ ದಿನ ಗೊತ್ತಾಗುತ್ತದೆ. ಗಂಡು ನಾಯಿಯ ಮಾಲೀಕರ ಜತೆಗೂ ಮೊದಲೇ ಬರೆದಿಟ್ಟುಕೊಳ್ಳಿ, ಗಬ್ಬ ನಿಲ್ಲದಿದ್ದರೆ ಏನು, ಒಂದೇ ಮರಿ ಹುಟ್ಟಿದರೆ ಅದು ಯಾರಿಗೆ ಅಂತ. ಆಮೇಲೆ ಜಗಳ ಬೇಡ, ಅಲ್ವಾ? ಎರಡೂ ನಾಯಿ ಒಂದೇ ಕಡೆಯಿಂದ ಬಂದಿದ್ದರೆ ಹತ್ತಿರದ ರಕ್ತಸಂಬಂಧ ಇರಬಹುದು, ಅಜ್ಜ, ಮುತ್ತಜ್ಜ ಯಾರು ಅಂತ ವಿಚಾರಿಸದೆ ಮುಂದುವರಿಯಲೇಬೇಡಿ.

ಇಷ್ಟೆಲ್ಲ ಮಾಡಿದರೂ ಮರಿ ಹೋಗುತ್ತವೆ. ನಮ್ಮ ಮನೆಯಲ್ಲೂ ಹೋಗಿದೆ. ಬೆಳಿಗ್ಗೆ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಮರಿಯನ್ನೂ ತೂಗುತ್ತಿದ್ದೆವು. ಒಂದು ಮರಿಯ ತೂಕ ಏರಲಿಲ್ಲ, ಮರುದಿನ ಇಳಿಯಿತು, ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಹುಟ್ಟಿದ ಮೊದಲ ದಿನಗಳಲ್ಲಿ ಮರಿಗೆ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳೋಕೆ ಬರುವುದಿಲ್ಲ. ತಣ್ಣಗಾದ ಮರಿಗೆ ಗಾಬರಿಯಲ್ಲಿ ಹಾಲು ಕುಡಿಸಬಾರದು, ಜೀರ್ಣವಾಗಲ್ಲ. ಮೊದಲು ನಿಧಾನಕ್ಕೆ ಬೆಚ್ಚಗೆ ಮಾಡಬೇಕು. ನಾವು ಹಾಗೇ ಮಾಡಿದೆವು, ಆದರೂ ಉಳಿಯಲಿಲ್ಲ. ಮಕ್ಕಳು ಅತ್ತರು, ನನಗೂ ತಡೆಯಲಾಗಲಿಲ್ಲ.

ಇಂಥ ಹೊತ್ತಲ್ಲಿ ಮೊದಲು ಬೇಕಾಗಿರುವುದು ಕಾರಣ. ಸತ್ತ ಮರಿಯನ್ನು ಸುಮ್ನೆ ಹೂತುಬಿಡಬೇಡಿ, ವೆಟ್ ಹತ್ತಿರ ಒಯ್ದು ಪೋಸ್ಟ್‌ಮಾರ್ಟಂ ಮಾಡಿಸಿ. ಸೋಂಕೋ, ಹುಟ್ಟಿನಿಂದ ಬಂದ ದೋಷವೋ, ತಾಯಿಯ ಹಾಲಿನ ತೊಂದರೆಯೋ ಅಂತ ಗೊತ್ತಾದರೆ ತಾನೇ ಮುಂದಿನ ಯೋಚನೆ? ಆ ಜೋಡಿಯಿಂದಲೇ ದೋಷ ಬಂದಿದೆ ಅಂದರೆ ಎಷ್ಟೇ ಚೆಂದದ ನಾಯಿ ಆಗಿರಲಿ, ಆ ಜೋಡಿ ಅಲ್ಲಿಗೇ ಬಿಡಬೇಕು. ಬಸಿರು, ಬಾಣಂತನ ಎರಡನ್ನೂ ಉಂಡ ಆ ತಾಯಿಗೆ ಮೈ ತುಂಬಿಕೊಳ್ಳೋಕೆ ಸಮಯ ಕೊಡಿ.

ನಿಮ್ಮಲ್ಲಿ ಒಂದು ಕೋರಿಕೆ. ನಾಯಿ ಮರಿ ಮಾರಾಟದ ಜಾಹೀರಾತು ತೆಗೆದುಕೊಳ್ಳುವಾಗ ಮಾರುವವರ ನೋಂದಣಿ ಸಂಖ್ಯೆ ಕೇಳಿ, ಅದನ್ನು ಜಾಹೀರಾತಿನಲ್ಲೇ ಅಚ್ಚು ಹಾಕಿ.

– ಒಬ್ಬ ಓದುಗ, ಪಿಂಪ್ರಿ, ಪುಣೆ