ಒಗ್ಗರಣೆ ಮಾತ್ರ ಆವತ್ತಿಗೆ ಬಿಡು

ಮೂಡಿಗೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕಾಫಿ ಕೊಯ್ಲು ನಡೀತಾ ಇದೆ, ದೊಡ್ಡಪ್ಪ ಕಣ ಬಿಟ್ಟು ಒಳಗೆ ಬರುವುದೇ ಊಟಕ್ಕೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ. "ಸಂಜೆ ಏಳಕ್ಕೆ ಮನೆಗೆ ಬಂದರೆ ಒಲೆ ಹಚ್ಚೋಕೆ ಕೈ ಏಳಲ್ಲ ದೊಡ್ಡಮ್ಮ" ಅಂದೆ. ವಾರದಲ್ಲಿ ನಾಲ್ಕು ದಿನ ಹೋಟೆಲ್ ಊಟ, ತಂದ ಸೊಪ್ಪು ಕವರಿನಲ್ಲೇ ಕೊಳೆತು ಕಸಕ್ಕೆ. ಒಟ್ಟಿಗೆ ಮಾಡಿ ಫ್ರೀಜರಿನಲ್ಲಿ ಇಡೋಣ ಅಂದರೆ ನಿಮ್ಮತ್ತೆ "ತಂಗಳು ತಿನ್ನಬಾರದು" ಅಂತಾರೆ ಅಂದೆ. ಫೋನಿನಲ್ಲಿ ಅರ್ಧಂಬರ್ಧ ಆಯ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿಮ್ಮತ್ತೆಯ ಮಾತು. ಅದನ್ನು ತಳ್ಳಿಹಾಕಬೇಡ. ಹೊರಗಿಟ್ಟ ಅಡುಗೆ ಕೆಡುತ್ತದೆ, ಅದನ್ನು ತಿಂದು ಮಕ್ಕಳು ಮರಿ ಹೊಟ್ಟೆ ಕೆಡಿಸಿಕೊಂಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಫ್ರೀಜರಿನ ವಿಷಯ ಬೇರೆ ಅಂತ ಸಮಾಧಾನವಾಗಿ ಹೇಳು. ಮೈನಸ್ 18 ಡಿಗ್ರಿಯಲ್ಲಿ ಅಡುಗೆ ಕೆಡಿಸುವ ಕ್ರಿಮಿಗಳು ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ, ಸುಮ್ನೆ ಮಲಗಿರುತ್ತವೆ. ಕರಗಿದ ಕೂಡಲೇ ಏಳುತ್ತವೆ. ಹಾಗಾಗಿ ಫ್ರೀಜರಿಗೆ ಹಾಕುವಾಗ ಅಡುಗೆ ಹೇಗಿತ್ತೋ ತೆಗೆಯುವಾಗಲೂ ಹಾಗೇ ಇರುತ್ತದೆ. ಬೆಳಿಗ್ಗೆ ಮಾಡಿ ಸಂಜೆವರೆಗೂ ಕಟ್ಟೆ ಮೇಲೆ ಬಿಟ್ಟ ಹುಳಿಯನ್ನು ಫ್ರೀಜರಿಗೆ ಹಾಕಿದರೆ ಅದು ತಂಗಳೇ. ಆಗ ನಿಮ್ಮತ್ತೆ ಹೇಳಿದ್ದೇ ಸರಿ.

ನನಗೆ ಇದು ಗೊತ್ತಾಗಿದ್ದು ಒಂದು ತಪ್ಪಲೆ ಹುಳಿ ಕಳೆದುಕೊಂಡ ಮೇಲೆ. ಹೀಗೇ ಒಂದು ಕೊಯ್ಲಿನ ಸಮಯ. ಆಳುಗಳು ಜಾಸ್ತಿ ಇದ್ದರು ಅಂತ ಸಂಜೆಯೇ ದೊಡ್ಡ ತಪ್ಪಲೆ ತುಂಬ ಅಲಸಂದೆಕಾಳಿನ ಹುಳಿ ಮಾಡಿ, ಮುಚ್ಚಳ ಮುಚ್ಚಿ ಮಲಗಿದೆ. ಮಾಗಿ ಚಳಿ ಅಲ್ವಾ, ಏನಾಗುತ್ತೆ ಅನ್ನುವ ಧೈರ್ಯ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಸಣ್ಣ ಸಣ್ಣ ಗುಳ್ಳೆ. ಮೇಲೆ ಮುಟ್ಟಿದರೆ ತಣ್ಣಗಿತ್ತು, ಸೌಟು ಕೆಳಗೆ ಇಳಿಸಿದರೆ ನಡುವೆ ಇನ್ನೂ ಬೆಚ್ಚಗಿತ್ತು. ಸೌಟು ಎತ್ತಿದಾಗ ನೂಲಿನ ಹಾಗೆ ಎಳೆ ಬಂತು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದೆ. ಮೂವತ್ತು ಜನರ ಊಟ ಅದು, ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

5 ಡಿಗ್ರಿಯಿಂದ 60 ಡಿಗ್ರಿವರೆಗಿನ ಬಿಸಿಯಲ್ಲೇ ಕ್ರಿಮಿಗಳಿಗೆ ಹಬ್ಬ. ದೊಡ್ಡ ಪಾತ್ರೆಯ ನಡುಭಾಗ ಆ ಬಿಸಿಯಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಒಲೆ ಆರಿಸಿದ ಕೂಡಲೇ ಅಡುಗೆಯನ್ನು ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿಬಿಡು. ಬೇಸಿನ್ನಿನಲ್ಲಿ ತಣ್ಣೀರು ತುಂಬಿ ಅದರೊಳಗೆ ಪಾತ್ರೆ ಇಟ್ಟು ಆಗಾಗ ಸೌಟು ಆಡಿಸು. ನೀರು ಬೆಚ್ಚಗಾದರೆ ಬದಲಾಯಿಸು. ಅರ್ಧ ಮುಕ್ಕಾಲು ಗಂಟೆಯಲ್ಲಿ ಆರುತ್ತದೆ. ಏನೇ ಆದರೂ ಎರಡು ಗಂಟೆಯೊಳಗೆ ಫ್ರಿಜ್ಜಿನೊಳಗೆ ಇರಬೇಕು. ಬಿಸಿ ಬಿಸಿಯಾಗಿಯೂ ಇಡಬೇಡ. ಪಕ್ಕದಲ್ಲಿ ಗಟ್ಟಿಯಾಗಿದ್ದದ್ದೂ ಮೆತ್ತಗಾಗುತ್ತದೆ.

ಈಗ ಏನು ಮಾಡಿಡಬೇಕು ಅನ್ನುವುದು. ಎಲ್ಲರೂ ಪೂರ್ತಿ ಊಟವನ್ನೇ ಮಾಡಿಡಲು ಹೋಗುತ್ತಾರೆ. ಎರಡು ವಾರಕ್ಕೆ ಬೇಜಾರಾಗಿ ಬಿಡುತ್ತಾರೆ. ನೀನು ಹಾಗೆ ಮಾಡಬೇಡ ಪುಟ್ಟಿ. ಅಡುಗೆಯಲ್ಲಿ ಕೈ ಸೋಲಿಸುವ ಕೆಲಸ ಯಾವುದು ಹೇಳು? ಕಾಯಿ ತುರಿಯುವುದು, ಕಾಳು ನೆನೆಸಿ ಬೇಯಿಸುವುದು, ಮಸಾಲೆ ಹುರಿದು ರುಬ್ಬುವುದು. ಇವನ್ನು ಭಾನುವಾರ ಮುಗಿಸಿ ಫ್ರೀಜರಿಗೆ ಹಾಕು. ಬೇಳೆ ಬೆರೆಸಿ ಒಂದು ಕುದಿ ತರಿಸುವುದು, ಒಗ್ಗರಣೆ ಹಾಕುವುದು, ಇವನ್ನು ಆವತ್ತಿಗೆ ಬಿಡು. ಸಾಸಿವೆ ಸಿಡಿದು ಕರಿಬೇವು ಬಿದ್ದ ವಾಸನೆ ಬಂದರೆ ಅದು ಆವತ್ತಿನ ಅಡುಗೆ. ನಿಮ್ಮತ್ತೆ ಬಂದಾಗಲೂ ಅವರ ಮುಂದೆ ಹಾಗೇ ಮಾಡಿ ಬಡಿಸು. ಒಂದು ತುತ್ತು ತಿಂದರೆ ಅವರಿಗೇ ಗೊತ್ತಾಗುತ್ತದೆ.

ಅವರೆಕಾಯಿಯಿಂದ ಶುರು ಮಾಡು. ಈಗ ನಿಮ್ಮ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ರಾಶಿ ರಾಶಿ ಬಿದ್ದಿರುತ್ತದೆ, ಇನ್ನೊಂದು ತಿಂಗಳು ಕಳೆದರೆ ಈ ಸೊಗಡು ಸಿಗಲ್ಲ. ಮೂಸಿ ನೋಡಿ ತಗೋ, ಕೈಗೆ ಜಿಡ್ಡು ಅಂಟಬೇಕು. ನಾಲ್ಕು ಕೆಜಿ ತಂದರೂ ಸುಲಿದ ಮೇಲೆ ಅರ್ಧದಷ್ಟು ಕಾಳೂ ಉಳಿಯಲ್ಲ, ಗೊತ್ತಲ್ಲ. ಶನಿವಾರ ರಾತ್ರಿ ಅಳಿಯಂದಿರನ್ನೂ ಕೂರಿಸಿಕೊಂಡು ಟಿವಿ ಮುಂದೆ ಸುಲಿದುಬಿಡಿ. ಹಿತಕಿದ ಬೇಳೆ ಬೇಕಾದಷ್ಟನ್ನು ನೀರಿನಲ್ಲಿ ನೆನೆಹಾಕು. ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕಂತ ಹಾರುತ್ತದೆ. ಚಿಕ್ಕವಳಿದ್ದಾಗ ನೀನು ನನ್ನ ಮುಖಕ್ಕೇ ಗುರಿಯಿಟ್ಟು ಹಿತುಕುತ್ತಿದ್ದೆ.

ಆ ಕಾಳನ್ನು ಹಸಿಯಾಗಿಯೇ ಫ್ರೀಜರಿಗೆ ಹಾಕಬೇಡ. ಕಾಳಿನೊಳಗೆ ಕಿಣ್ವಗಳಿರುತ್ತವೆ. ಅವು ಚಳಿಯಲ್ಲೂ ನಿಧಾನಕ್ಕೆ ಕೆಲಸ ಮಾಡಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ಮಳಮಳ ಕುದಿಯುವ ನೀರಿಗೆ ಕಾಳು ಹಾಕಿ ಎರಡು ನಿಮಿಷಕ್ಕೆ ಬಸಿದು, ತಕ್ಷಣ ತಣ್ಣೀರಿಗೆ ಸುರಿ. ಆಮೇಲೆ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸು. ಒಂದು ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರವಿ ಫ್ರೀಜರಿನಲ್ಲಿ ಎರಡು ಮೂರು ಗಂಟೆ ಇಡು. ಕಾಳು ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಜಿಪ್ ಕವರಿಗೆ ತುಂಬಿ ಗಾಳಿ ಒತ್ತಿ ತೆಗೆ. ಹೀಗೆ ಮಾಡಿದರೆ ಮುದ್ದೆ ಕಟ್ಟಲ್ಲ, ಬೇಕಾದಾಗ ಒಂದು ಹಿಡಿ ಉದುರಿಸಿಕೊಳ್ಳಬಹುದು. ಯುಗಾದಿ ಕಳೆದ ಮೇಲೂ ಅವರೆಕಾಳಿನ ಉಪ್ಪಿಟ್ಟು ತಿನ್ನಬಹುದು. ಆದರೆ ಎರಡು ನಿಮಿಷ ಕುದಿಸಿದ ಕಾಳು ಬೆಂದ ಕಾಳಲ್ಲ. ಅಡುಗೆ ಮಾಡುವಾಗ ಮತ್ತೆ ಚೆನ್ನಾಗಿ ಬೇಯಿಸಲೇಬೇಕು.

ಕಾಯಿತುರಿಯೂ ಹಾಗೇ. ನಾಲ್ಕು ಕಾಯಿ ಒಮ್ಮೆಲೇ ತುರಿದು, ಒಂದು ಹೊತ್ತಿಗೆ ಬೇಕಾದಷ್ಟನ್ನು ತೆಳ್ಳಗೆ ಚಪ್ಪಟೆ ಮಾಡಿ ಕವರಿನಲ್ಲಿ ಇಡು. ತೆಳ್ಳಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಬಿಡುತ್ತದೆ. ಶುಂಠಿ ಬೆಳ್ಳುಳ್ಳಿ ರುಬ್ಬಿದ್ದು, ಹುಣಸೆ ರಸ, ಇವನ್ನು ಐಸ್ ಟ್ರೇಗೆ ಹಾಕು. ಬೇಯಿಸಿದ ಕಡಲೆಕಾಳು, ಅಲಸಂದೆ, ಹುರುಳಿ ಎಲ್ಲ ಚೆನ್ನಾಗಿ ನಿಲ್ಲುತ್ತವೆ. ಹುರುಳಿ ಕಟ್ಟನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಇಡು, ಬಸ್ಸಾರಿಗೆ ಬೇಕಾಗುತ್ತದೆ. ಕೋಳಿ ಸಾರು ಪೂರ್ತಿ ಮಾಡಿಯೇ ಇಡಬಹುದು, ಎರಡು ತಿಂಗಳಾದರೂ ರುಚಿ ಹೋಗಲ್ಲ. ಮಸ್ಸೊಪ್ಪೂ ಆಗುತ್ತದೆ, ಹೇಗೂ ಮಸೆದದ್ದೇ ತಾನೆ. ಕಡುಬು ಇಟ್ಟರೆ ತೆಗೆದು ಹಾಗೇ ಹಬೆಯಲ್ಲಿ ಹತ್ತು ನಿಮಿಷ ಬೇಯಿಸು, ಈಗ ತಾನೇ ಇಳಿಸಿದ ಹಾಗಿರುತ್ತದೆ. ಅಕ್ಕಿರೊಟ್ಟಿ ಅರೆಬೇಯಿಸಿ, ಪೂರ್ತಿ ಆರಿಸಿ, ನಡುನಡುವೆ ಬೆಣ್ಣೆ ಕಾಗದ ಇಟ್ಟು ಜೋಡಿಸು. ಬೆಳಿಗ್ಗೆ ಬೇಕಾದರೆ ನೇರವಾಗಿ ಕಾವಲಿಗೆ ಹಾಕಿದರೆ ಸಾಕು.

ಆಗದವು ಇವೆ. ಹಾಸನದಲ್ಲಿದ್ದು ಆಲೂಗಡ್ಡೆ ಇಲ್ಲದೆ ಅಡುಗೆ ಇಲ್ಲ, ಆದರೆ ಬೇಯಿಸಿದ ಆಲೂಗಡ್ಡೆ ಹೋಳು ಫ್ರೀಜರಿನಿಂದ ಬಂದರೆ ನೀರು ಬಿಟ್ಟು ಮರಳು ಮರಳಾಗುತ್ತದೆ. ಸಾಗು ಮಾಡಿಡುವುದಾದರೆ ಅದನ್ನು ಬಿಟ್ಟು ಮಾಡು, ಆಮೇಲೆ ಸೇರಿಸು. ಮಜ್ಜಿಗೆ ಹುಳಿ ಒಡೆಯುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿ ರಬ್ಬರಾಗುತ್ತದೆ. ಸೌತೆಕಾಯಿ, ಬೆಂಡೆಕಾಯಿ ಪಲ್ಯ ಬೇಡವೇ ಬೇಡ. ಅನ್ನ ಇಡಬಹುದು ಅಂತಾರೆ, ನಾನು ಬೇಡ ಅನ್ನುತ್ತೇನೆ. ಕುದಿಸಿದರೂ ಸಾಯದ ಒಂದು ಜಾತಿ ಕ್ರಿಮಿ ಅಕ್ಕಿಯಲ್ಲೇ ಇರುತ್ತದೆ, ಅನ್ನ ಆರಿಸುವುದು ತಡವಾದರೆ ಹೆಚ್ಚುತ್ತದೆ. ಕುಕ್ಕರಿನಲ್ಲಿ ಕಾಲು ಗಂಟೆಗೆ ಅನ್ನ ಆಗುವಾಗ ಆ ಗೊಡವೆ ಯಾಕೆ? ಮುದ್ದೆಯೂ ಆವತ್ತೇ ಆಗಬೇಕು.

ಇಬ್ಬರ ಮನೆ ನಿಮ್ಮದು. ಒಂದು ಡಬ್ಬಿ ಅಂದರೆ ಇಬ್ಬರಿಗೆ ಒಂದು ಹೊತ್ತು, ಅಷ್ಟೇ ಲೆಕ್ಕ. ದೊಡ್ಡ ಡಬ್ಬಿ ತುಂಬಿಟ್ಟು, ಕರಗಿಸಿ, ಅರ್ಧ ಬಳಸಿ, ಮಿಕ್ಕಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವುದು ಸರ್ವಥಾ ಕೂಡದು. ನಿನ್ನ ಮದುವೆಗೆ ಬಂದ ಸ್ಟೀಲ್ ಡಬ್ಬಿಗಳು ಅಟ್ಟದ ಮೇಲೆ ಕೂತಿವೆಯಲ್ಲ, ಅವೇ ಚೆನ್ನ. ಮೇಲೆ ಒಂದು ಬೆರಳಗಲ ಜಾಗ ಬಿಡು, ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ. ಗಾಜಿನ ಬಾಟಲಿ ತುಂಬ ತುಂಬಿಟ್ಟರೆ ಸೀಳಿಹೋಗುತ್ತದೆ. ಡಬ್ಬಿ ಮೇಲೆ ಕಾಗದದ ಟೇಪ್ ಅಂಟಿಸಿ ಏನು, ಯಾವತ್ತಿನದು ಅಂತ ಬರೆ. ಹೆಪ್ಪುಗಟ್ಟಿದ ಮೇಲೆ ಹುಳಿ ಯಾವುದು ಕೂಟು ಯಾವುದು ಒಂದೂ ತಿಳಿಯಲ್ಲ.

ರಾತ್ರಿ ಮಲಗುವ ಮುಂಚೆ ನಾಳೆಯ ಡಬ್ಬಿಯನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸು. ಮರೆತರೆ ಕಟ್ಟೆ ಮೇಲೆ ಇಡಬೇಡ. ಡಬ್ಬಿಯನ್ನು ಎರಡು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಗಡ್ಡೆ ಬಿಟ್ಟು ಬರುತ್ತದೆ. ಬಾಣಲೆಗೆ ಹಾಕಿ ಸ್ವಲ್ಪ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿ, ಆಮೇಲೆ ನಡುವೆಲ್ಲ ಮಳಮಳ ಕುದಿ ಬರಿಸು.

ಇನ್ನು ಕರೆಂಟು. ನಮ್ಮ ಕಡೆ ಪುಷ್ಯ ಮಳೆ ಹಿಡಿದರೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ. ಹಾಸನದಲ್ಲಿ ಅಷ್ಟು ಇಲ್ಲ, ಆದರೂ ತಿಳಿದಿರಲಿ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ಚಳಿ ಹಿಡಿದಿಡುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ಕೆಳಗಿನ ಭಾಗಕ್ಕೆ ನಾಲ್ಕು ಗಂಟೆ ಮಾತ್ರ. ಖಾಲಿ ಜಾಗ ಇದ್ದರೆ ನೀರಿನ ಬಾಟಲಿ ಮುಕ್ಕಾಲು ತುಂಬಿಸಿ ಇಡು. ಆಮೇಲೆ ಒಂದು ಸಣ್ಣ ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಮೂಲೆಯಲ್ಲಿ ಬಿಡು. ನೀವು ಊರಿಗೆ ಬಂದು ವಾಪಸ್ ಹೋದಾಗ ನಾಣ್ಯ ಮೇಲೇ ಇದ್ದರೆ ಸರಿ. ಲೋಟದ ತಳದಲ್ಲಿ ಕೂತಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಕರುಳು ಚುರುಕ್ ಅಂದರೂ ಎಲ್ಲ ಚೆಲ್ಲಿಬಿಡು. ಮೂಸಿ ನೋಡಿ ಚೆನ್ನಾಗಿದೆ ಅಂತ ತಿನ್ನಬೇಡ, ಕೆಟ್ಟದ್ದೆಲ್ಲ ವಾಸನೆ ಕೊಡಲ್ಲ.

ನಿಮ್ಮದು ಒಂದೇ ಬಾಗಿಲಿನ ಫ್ರಿಜ್ ಅಲ್ವಾ? ಆ ಪುಟ್ಟ ಐಸ್ ಗೂಡು ಮೈನಸ್ 18ಕ್ಕೆ ನಿಲ್ಲುವುದು ಕಷ್ಟ. ಬದಲಾಯಿಸುವವರೆಗೆ ಅವರೆಕಾಳನ್ನು ಸ್ವಲ್ಪವೇ ಇಟ್ಟುಕೋ, ಮಿಕ್ಕಿದ್ದನ್ನೂ ಎರಡು ವಾರದೊಳಗೆ ಮುಗಿಸು. ಗೋಡೆಗೆ ಕಟ್ಟಿದ ಐಸನ್ನು ಚಾಕುವಿನಲ್ಲಿ ಕೆರೆಯಬೇಡ.

ಒಂದೇ ಭಾನುವಾರ ಎಲ್ಲ ಮಾಡಲು ಹೋಗಬೇಡ ಮಗಳೇ. ಈ ವಾರ ಅವರೆಕಾಳು, ಕಾಯಿತುರಿ, ಇಷ್ಟೇ. ಮುಂದಿನ ವಾರ ಕಡಲೆಕಾಳು ಮತ್ತು ಹುಳಿ ಮಸಾಲೆ. ಅಳಿಯಂದಿರಿಗೆ ಪಾತ್ರೆ ತೊಳೆಯುವುದು, ಹೆಸರು ಬರೆಯುವುದು ಒಪ್ಪಿಸು. ಇಬ್ಬರೂ ದುಡಿಯುವ ಮನೆ, ಇಬ್ಬರೂ ತಿನ್ನುವ ಊಟ.

ಕೊಯ್ಲು ಮುಗಿದ ವಾರ ನಾನೇ ಬೇಲೂರು ಮೇಲೆ ಬಸ್ಸಿಗೆ ಬರುತ್ತೇನೆ. ತೋಟದ ಕಾಯಿ ಹತ್ತು, ಈ ವರ್ಷದ ಕಾಳುಮೆಣಸು, ಸಾರಿನ ಪುಡಿ ತರುತ್ತೇನೆ. ಫ್ರೀಜರಿನಲ್ಲಿ ಎರಡು ಡಬ್ಬಿಗೆ ಜಾಗ ಬಿಟ್ಟಿರು, ಕೋಳಿ ಸಾರು ಅಲ್ಲೇ ಮಾಡಿಟ್ಟು ಬರುತ್ತೇನೆ.

ಅಳಿಯಂದಿರಿಗೂ ನಿಮ್ಮತ್ತೆಗೂ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಮ್ಮ