ಒಬ್ಬರಿಗೆ ನಾಟಿದ ಮದ್ದು ಇನ್ನೊಬ್ಬರಿಗೆ ಏಕೆ ನಾಟಲಿಲ್ಲ? ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್ ಇತ್ತು. ಮೂವತ್ತು ವರ್ಷ ಹಾಕಿದ ಹೊಗೆಸೊಪ್ಪಿನ ಫಲ. ಆಪರೇಷನ್, ಕರೆಂಟು (ರೇಡಿಯೇಷನ್), ಕೀಮೋ ಎಲ್ಲಾ ಆದ ಮೇಲೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ, ಕೊಟ್ಟರು. ಪಕ್ಕದ ಬೆಡ್‌ನವರಿಗೂ ಅದೇ ಕಾಯಿಲೆ, ಅದೇ ಇಂಜೆಕ್ಷನ್. ಅವರ ಗೆಡ್ಡೆ ಕರಗಿತು, ಈಗ ತೋಟಕ್ಕೆ ಹೋಗುತ್ತಾರೆ. ಅಪ್ಪ ಉಳಿಯಲಿಲ್ಲ. ಏಕೆ ಅಂತ ಕೇಳಿದ್ದಕ್ಕೆ ಡಾಕ್ಟರು "ಕೆಲವರಿಗೆ ಹಾಗೇನಮ್ಮಾ" ಎಂದರು. ಅವರು ಸುಳ್ಳು ಹೇಳಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳಿಗೆ ಪಿಡಿ-1 ಎಂಬ ಬ್ರೇಕ್ ಇದೆ. ಕ್ಯಾನ್ಸರ್ ಅದನ್ನು ಒತ್ತಿ ಹಿಡಿಯುತ್ತದೆ, ಔಷಧಿ ಬಿಡಿಸುತ್ತದೆ. ಇಂಥ ಬ್ರೇಕ್‌ಗಳನ್ನು ಬಿಡಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ತೋರಿಸಿದ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಟಿ-ಕೋಶಗಳು ಗೆಡ್ಡೆಯ ಹತ್ತಿರ ಸುಳಿದೇ ಇಲ್ಲದಿದ್ದರೆ? ಗಾಡಿಯೇ ಇಲ್ಲದ ಕಡೆ ಬ್ರೇಕ್ ಬಿಡಿಸಿ ಏನು ಬಂತು, ಅಲ್ವಾ? ಗೆಡ್ಡೆಯಲ್ಲಿ ಎಷ್ಟು ಜೀನ್ ಬದಲಾಗಿವೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ನಂಟಿದೆಯಂತೆ! ಅನ್ನ-ಮುದ್ದೆ ತಿನ್ನುವ ನಮ್ಮ ಹೊಟ್ಟೆಯ ಲೆಕ್ಕ ಅಮೆರಿಕದವರ ಹೊಟ್ಟೆ ನೋಡಿದರೆ ಸಿಕ್ಕೀತೇ?

ಮುಂಬೈಯ ಟಾಟಾ ಮೆಮೋರಿಯಲ್‌ನವರು ತಲೆ-ಕತ್ತಿನ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಪಿಡಿ-1 ಬ್ರೇಕ್ ಬಿಡಿಸುವ ನಿವೊಲುಮ್ಯಾಬ್ ಎಂಬ ಔಷಧಿಯನ್ನು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಕಡಿಮೆ ಡೋಸಿನ ಕೀಮೋ ಮಾತ್ರೆಗಳ ಜೊತೆ ಇದನ್ನೂ ಸೇರಿಸಿದಾಗ, ಒಂದು ವರ್ಷ ಬದುಕಿದವರು ನೂರಕ್ಕೆ ಸುಮಾರು 16ರಿಂದ 43ಕ್ಕೆ ಏರಿದರು. ಬಡವರ ಪಾಲಿಗೆ ದೊಡ್ಡ ಸುದ್ದಿ ಇದು. ಆದರೆ ನನ್ನ ಕಣ್ಣು ಮಿಕ್ಕ 57 ಜನರ ಮೇಲೇ ನಿಲ್ಲುತ್ತದೆ. ಅಪ್ಪ ಆ ಸಾಲಿನವರು.

ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಅಗ್ಗ ಮಾಡಿ ಅಂತ ಎಲ್ಲರೂ ಕೇಳುತ್ತಾರೆ, ನಾನೂ ಕೇಳುತ್ತೇನೆ. ಜೊತೆಗೆ ಇನ್ನೊಂದು: ಕಿದ್ವಾಯಿಯಿಂದಲೇ ಶುರುವಾಗಲಿ. ಈ ಔಷಧಿ ಪಡೆಯುವ ಪ್ರತಿಯೊಬ್ಬರ ಒಪ್ಪಿಗೆ ಕೇಳಿ, ಗೆಡ್ಡೆಯ ತುಣುಕು, ಔಷಧಿಗೆ ಮೊದಲಿನ ಮತ್ತು ನಂತರದ ರಕ್ತ ಎತ್ತಿಡಿ. ಯಾರಿಗೆ ನಾಟಿತು, ಯಾರಿಗೆ ಇಲ್ಲ ಅಂತ ವರ್ಷಗಟ್ಟಲೆ ಬರೆದಿಡಲು ಜನರನ್ನು ನೇಮಿಸಿ. ಊರಿಗೆ ಹೋದವರಿಗೆ ಫೋನ್ ಮಾಡಿ ವಿಚಾರಿಸುವವರೂ ಬೇಕು. ಸುಮ್ನೆ ಫ್ರೀಜರ್ ಕೊಂಡರೆ ಆಗದು.

ಆಸ್ಪತ್ರೆಯಿಂದ ಆಸ್ಪತ್ರೆಗೆ ನಾವು ಪ್ಲಾಸ್ಟಿಕ್ ಕವರಿನಲ್ಲಿ ಹೊತ್ತು ತಿರುಗಿದ ಅಪ್ಪನ ಬಯಾಪ್ಸಿ ಬ್ಲಾಕ್, ಮೇಣದಲ್ಲಿ ಕೂರಿಸಿದ ಗೆಡ್ಡೆಯ ತುಣುಕು, ಇನ್ನೂ ಮನೆಯ ಬೀರುವಿನಲ್ಲಿದೆ. ಅಮ್ಮ ಬಿಸಾಡಲು ಬಿಟ್ಟಿಲ್ಲ. ನಿಮ್ಮವರು ಕೇಳಿದ ದಿನ ತಂದುಕೊಡುತ್ತೇನೆ.

ಇಂತಿ,
ಒಬ್ಬ ರೋಗಿಯ ಮಗಳು