ಹಂಗಾಮಿ ಅಂದರೆ ಲೆಕ್ಕಕ್ಕಿಲ್ಲವೇ?

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮ ತಾಲ್ಲೂಕಿನ ಒಂದು ಶಾಲೆಯ ರಸಪ್ರಶ್ನೆ ಕಾರ್ಯಕ್ರಮಕ್ಕೆ ಹೋಗಿದ್ದೆ. ಕನ್ನಡಿಗರು ಯಾರಾದರೂ ರಾಷ್ಟ್ರಪತಿ ಸ್ಥಾನದಲ್ಲಿ ಕೂತಿದ್ದಾರೆಯೇ ಎಂಬ ಪ್ರಶ್ನೆ ಬಂತು. ಏಳನೇ ತರಗತಿಯ ಹುಡುಗಿಯೊಬ್ಬಳು ‘ಹೌದು, ಬಿ.ಡಿ. ಜತ್ತಿ’ ಅಂದಳು. ‘ಅವರು ಬರೀ ಹಂಗಾಮಿ, ಲೆಕ್ಕಕ್ಕಿಲ್ಲ’ ಎಂದು ಸಂಘಟಕರು ಅವಳ ಅಂಕ ಕಳೆದರು. ಹುಡುಗಿ ಸುಮ್ನೆ ಕೂತಳು. ನನಗೆ ಸುಮ್ಮನಿರಲು ಆಗುತ್ತಿಲ್ಲ.

ಜತ್ತಿಯವರು ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯವರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ಇವರ ಹೆಗಲಿಗೆ ಆ ಹೊಣೆ ಬಿತ್ತು. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ಬರುವವರೆಗೆ ಐದೂವರೆ ತಿಂಗಳು. ಆದರೆ ಎಂಥ ಐದೂವರೆ ತಿಂಗಳು! ತುರ್ತು ಪರಿಸ್ಥಿತಿ ತೆರವಾದದ್ದು ಆಗಲೇ, ಮಾರ್ಚ್ 21ಕ್ಕೆ. ಮೂರು ದಿನ ಕಳೆದು, ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿ ಪ್ರಮಾಣ ಮಾಡಿದ್ದು ಇವರ ಮುಂದೆ.

ಲೋಕಸಭೆಯಲ್ಲಿ ಸೋತ ಕಾಂಗ್ರೆಸ್ ಹಲವು ರಾಜ್ಯಗಳಲ್ಲಿ ಇನ್ನೂ ಅಧಿಕಾರದಲ್ಲಿತ್ತು. ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿ ಎಂದು ಮೊರಾರ್ಜಿಯವರ ಜನತಾ ಪಕ್ಷದ ಸರ್ಕಾರ ಸಲಹೆ ಕೊಟ್ಟಿತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೋ ಗದ್ದಲ. ಏಪ್ರಿಲ್ 30ಕ್ಕೆ ಸಹಿ ಬಿತ್ತು. ಕಾಂಗ್ರೆಸ್ಸಿನವರಾದ್ದರಿಂದ ತಡ ಮಾಡಿದರು ಎನ್ನುವವರು ಈಗಲೂ ಇದ್ದಾರೆ. ಸಹಿ ಹಾಕಿದ್ದು ಸರಿಯೇ. ಸಂವಿಧಾನದ 42ನೇ ತಿದ್ದುಪಡಿ ಆದಮೇಲೆ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆ ಮೀರುವ ಹಾಗಿರಲಿಲ್ಲ. ಆದರೆ ಒಂಬತ್ತು ವಿಧಾನಸಭೆಗಳನ್ನು ಒಟ್ಟಿಗೇ ಮನೆಗೆ ಕಳಿಸುವಾಗ ಸ್ವಲ್ಪ ತಡೆದು ಯೋಚಿಸಿದ್ದು ತಪ್ಪಾ? ಮರುವರ್ಷ ಸಂಸತ್ತು ಒಪ್ಪಿದ 44ನೇ ತಿದ್ದುಪಡಿ, ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಅದನ್ನು ತಂದದ್ದೂ ಜನತಾ ಸರ್ಕಾರವೇ, ಅಲ್ವಾ?

ಇವರು ರಾಜಕೀಯ ಶುರು ಮಾಡಿದ್ದು ಜಮಖಂಡಿ ಪುರಸಭೆಯಿಂದ. ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಮತ್ತೆ ವಕೀಲಿಗೆ ಕೂತರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಅದಕ್ಕೂ ಮೊದಲು ಅವರ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯೇ 1961ರ ಭೂಸುಧಾರಣಾ ಕಾಯ್ದೆಗೆ ದಾರಿ ಮಾಡಿತು. ನನ್ನಪ್ಪ ಬೇರೆಯವರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದರು. ‘ಜತ್ತಿ ಕಮಿಟಿ’ ಅನ್ನೋ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಶಾಲೆಯಲ್ಲಲ್ಲ, ಅಪ್ಪನ ಬಾಯಲ್ಲಿ. ಪುದುಚೇರಿ, ಒಡಿಶಾಗಳ ರಾಜಭವನ ಆಮೇಲಿನ ಮಾತು.

ಕಾರ್ಯಕ್ರಮ ಮುಗಿದಮೇಲೆ ಆ ಹುಡುಗಿಯನ್ನು ಕರೆದು ‘ನಿನ್ನ ಉತ್ತರ ಖರೇ ಐತವ್ವಾ’ ಎಂದೆ. ಸಂಘಟಕರೂ ಅವಳನ್ನು ಕರೆದು ಇದನ್ನೇ ಹೇಳಲಿ. ಕಳೆದ ಅಂಕವನ್ನು ವಾಪಸ್ ಕೊಡಲಿ.

– ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ, ಜಮಖಂಡಿ